ಕಂಪ್ಲಿಗೆ, ವಯಾ ಲಿಸ್ಬನ್

ಹೊಸಪೇಟೆ

ಇಪ್ಪತ್ತೆರಡು ವರ್ಷಗಳಿಂದ ನಾನು ಹೈಸ್ಕೂಲು ಮಕ್ಕಳಿಗೆ ಪೋರ್ಚುಗೀಸರನ್ನು ಪಾಠ ಮಾಡುತ್ತಿದ್ದೇನೆ. ಪ್ರತಿ ಜೂನ್ ತಿಂಗಳಲ್ಲಿ ಅವರು ಹಡಗಿನಲ್ಲಿ ಬಂದು ಕಲ್ಲಿಕೋಟೆಯಲ್ಲಿ ಇಳಿಯುತ್ತಾರೆ. ಜುಲೈ ಹೊತ್ತಿಗೆ ಗೋವಾ ಹಿಡಿಯುತ್ತಾರೆ. ಮೊದಲ ಕಿರುಪರೀಕ್ಷೆ ಮುಗಿಯುವಷ್ಟರಲ್ಲಿ ಡಚ್ಚರಿಗೆ ಜಾಗ ಬಿಟ್ಟು ನನ್ನ ಸಿಲೆಬಸ್ಸಿನಿಂದ ಮಾಯವಾಗುತ್ತಾರೆ. ಆಮೇಲೆ ಅವರು ಎಲ್ಲಿಗೆ ಹೋದರು ಎಂದು ಯಾವ ಮಗುವೂ ಕೇಳಿಲ್ಲ, ನಾನೂ ಯೋಚಿಸಿಲ್ಲ. ಎಲ್ಲೋ ಒಂದು ಊರಿನಲ್ಲಿ ಮನೆ ಮಾಡಿಕೊಂಡು, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಬದುಕಿರಬಹುದೆಂದು ಹೊಳೆದೇ ಇರಲಿಲ್ಲ.

ಹೊಳೆಯುವಂತೆ ಮಾಡಿದವರು ನನ್ನ ಯಜಮಾನರು. ವೀರೇಶಪ್ಪ ಅಂತ, ಹಂಪಿಯಲ್ಲಿ ಗೈಡು. ನಮ್ಮ ಮನೆಯಲ್ಲಿ ಇತಿಹಾಸ ಎರಡು ತರ. ನಾನು ಹೇಳುವುದು ಪುಸ್ತಕದಲ್ಲಿದ್ದದ್ದು, ಅವರು ಹೇಳುವುದು ಬಾಯಿಗೆ ಬಂದದ್ದು. ರಾಣಿಯರ ಸ್ನಾನಗೃಹದ ಮುಂದೆ ನಿಂತು, ದಿನಾ ಬೆಳಿಗ್ಗೆ ಇದಕ್ಕೆ ನೂರು ಕೊಡ ಹಾಲು ಸುರಿಯುತ್ತಿದ್ದರು ಎಂದು ಅವರು ಫ್ರೆಂಚರಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. "ಎಲ್ಲಿ ಬರದೈತಿರೀ ಅದು?" ಅಂದರೆ, "ಬರಿಯೋ ಮುಂದ ಮರ್ತಿರಬೇಕು, ಪಾಪ" ಅಂದರು.

ಎರಡು ವರ್ಷದ ಹಿಂದೆ ಅವರ ಕೈಗೆ ಸಿಕ್ಕಿದ್ದು ತೆರೇಜಾ ಎಂಬ ಒಬ್ಬ ಪೋರ್ಚುಗೀಸ್ ಹೆಂಗಸು. ಲಿಸ್ಬನ್ನಿನಲ್ಲಿ ಆಕೆಯೂ ಇತಿಹಾಸದ ಟೀಚರ್. ಮಹಾನವಮಿ ದಿಬ್ಬದ ಗೋಡೆಯಲ್ಲಿ ಕೆತ್ತಿರುವ ಕುದುರೆಗಳನ್ನು ತೋರಿಸಿ, ಇವೆಲ್ಲ ನಿಮ್ಮ ತಾತಂದಿರೇ ತಂದು ಮಾರಿದ್ದು ಎಂದು ಇವರು ಹೇಳಿ, ಆಕೆ ನಕ್ಕು, ಮಾತು ಬೆಳೆದು, ಮಧ್ಯಾಹ್ನ ಚಿತ್ತವಾಡ್ಗಿಯ ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬಂದರು. ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ. ಆಕೆಯ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಇವರೇ ಎಂದು ನಾನು ಪಾಠ ಮಾಡುವವಳು. ತಂದವರಿಗೇ ತಿನ್ನಲು ಬರುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಆಕೆಯಿಂದ ಈ ಸಲ ಕಾಗದ ಬಂತು. ಅವರ ಶಾಲೆಯಲ್ಲಿ ಒಂದು ಪ್ರಯೋಗವಂತೆ. ತಮ್ಮ ಪಠ್ಯಪುಸ್ತಕದಲ್ಲಿ ಯಾವ ದೇಶಗಳ ಹೆಸರಿದೆಯೋ ಆ ದೇಶಗಳ ಒಬ್ಬೊಬ್ಬ ಶಿಕ್ಷಕರನ್ನು ಕರೆದು, ಆ ಪಾಠವನ್ನು ಓದಿಸಿ, ಮಕ್ಕಳೆದುರು ಮಾತಾಡಿಸುವುದು. ಇಂಡಿಯಾದಿಂದ ನಾನು. ನನಗೆ ಒಳಗೊಳಗೇ ಖುಷಿಯಾಯಿತು. ಐನೂರು ವರ್ಷದ ಹಿಂದೆ ಹೇಳದೆ ಕೇಳದೆ ಬಂದವರ ಮನೆಗೆ ಹೋಗಿ ತಪ್ಪು ಎಣಿಸುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ?

"ಈಕಿ ಪಾಠ ಹೇಳಾಕ ಹೊಂಟಾಳ, ನಾನು ಬ್ಯಾಗ್ ಹಿಡಿಯಾಕ" ಎಂದು ಯಜಮಾನರು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಲಿಸ್ಬನ್, ಮೊದಲ ದಿನ

ಊರು ಎಂದರೆ ಬರೀ ಏರು, ಬರೀ ಇಳಿತ. ಮಾತಂಗ ಬೆಟ್ಟದ ಮೇಲೆ ಟ್ರ್ಯಾಮ್ ಬಿಟ್ಟ ಹಾಗೆ. ಓಣಿಗಳು ನಮ್ಮ ಚಿತ್ತವಾಡ್ಗಿಗಿಂತ ಇಕ್ಕಟ್ಟು. ಎದುರುಬದುರು ಮನೆಗಳ ನಡುವೆ ಹಗ್ಗ ಕಟ್ಟಿ ಒಳಲಂಗದಿಂದ ಹಿಡಿದು ದುಪ್ಪಟಿಯವರೆಗೆ ರಸ್ತೆಯ ನೆತ್ತಿಯ ಮೇಲೆ ಒಣಹಾಕಿರುತ್ತಾರೆ. ನನಗೆ ಬಹಳ ಸಮಾಧಾನವಾಯಿತು. ಯುರೋಪು ಎಂದರೆ ಎಲ್ಲವನ್ನೂ ಒಳಗೇ ಒಣಗಿಸುತ್ತಾರೆ ಎಂದುಕೊಂಡಿದ್ದೆ.

ತೆರೇಜಾಳ ಮನೆ ಮೂರನೇ ಮಹಡಿ. ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆಯ ಮುದುಕಿ ನಮ್ಮನ್ನು ನೋಡಿದ್ದೇ ಎರಡೂ ಕೆನ್ನೆಗೆ ಮುತ್ತು ಕೊಡಲು ಬಂದಳು. ಅಲ್ಲಿಯ ನಮಸ್ಕಾರವೇ ಅದು. ನಾನು ಜಾಣತನದಿಂದ ಸೂಟ್‌ಕೇಸಿನ ಹಿಂದೆ ನಿಂತೆ. ಯಜಮಾನರು ಸಿಕ್ಕಿಬಿದ್ದರು. ಮುತ್ತು ಮುಗಿಯುವಷ್ಟರಲ್ಲಿ ಅವರ ಹಣೆಯ ವಿಭೂತಿಯ ಅರ್ಧ ಮುದುಕಿಯ ಹಣೆಗೆ ವರ್ಗವಾಗಿತ್ತು. ಆಕೆ ಅದನ್ನು ಹೊತ್ತುಕೊಂಡೇ ಸಂಜೆ ಚರ್ಚಿಗೆ ಹೋಗಿದ್ದು ನನಗೆ ಕಿಟಕಿಯಿಂದ ಕಂಡಿತು.

ಭಾಷೆ ಬರುವುದಿಲ್ಲ ಎಂದು ಹೆದರಿದ್ದೆ. ಆದರೆ ತೆರೇಜಾ ಬಾಗಿಲ ಚಾವಿಯನ್ನು ಕೈಗಿಟ್ಟು "ಶಾವ್" ಅಂದಳು. ಮೇಜು ತೋರಿಸಿ "ಮೇಜ" ಅಂದಳು. ಬಚ್ಚಲಲ್ಲಿ ಸಾಬೂನಿಗೆ "ಸಬಾಂವ್". ಪಲ್ಯದಲ್ಲಿದ್ದ ನಮ್ಮ ಬಟಾಟಿಗೆ "ಬಟಾಟ". ನಮ್ಮ ಮನೆಯ ಅರ್ಧ ಸಾಮಾನನ್ನು ಇವರು ಇಲ್ಲಿಟ್ಟುಕೊಂಡಿದ್ದಾರೆ ಎಂದೋ, ಇವರ ಅರ್ಧ ಸಾಮಾನು ನಮ್ಮಲ್ಲಿದೆ ಎಂದೋ, ಹೇಗೆ ಬೇಕಾದರೂ ಹೇಳಬಹುದು. ಇತಿಹಾಸ ಬರೆಯುವವರು ಯಾರು ಎಂಬುದರ ಮೇಲೆ.

ರಾತ್ರಿಯ ಊಟಕ್ಕೆ ಸೊಪ್ಪಿನ ಸಾರು. ನಾವು ಶುದ್ಧ ಸಸ್ಯಾಹಾರಿಗಳೆಂದು ಮೊದಲೇ ಬರೆದು ತಿಳಿಸಿದ್ದೆ. ಹಸಿರು ಸೊಪ್ಪು, ಆಲೂಗಡ್ಡೆ, ಚೆನ್ನಾಗಿತ್ತು. ನಾಲ್ಕನೇ ಚಮಚಕ್ಕೆ ತಳದಿಂದ ಕೆಂಪಗೆ ದುಂಡಗಿನ ಬಿಲ್ಲೆಯೊಂದು ತೇಲಿ ಬಂತು.

"ಇದೇನು?"

"ಓ, ಅದು ಸುಮ್ಮನೆ ರುಚಿಗೆ. ಒಂದೇ ಚೂರು ಹಂದಿಮಾಂಸ. ಅದನ್ನು ನಾವೂ ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದಳು ತೆರೇಜಾ.

ಯಜಮಾನರು ಅಷ್ಟರಲ್ಲಿ ಬಟ್ಟಲು ಖಾಲಿ ಮಾಡಿದ್ದರು. ಸ್ವಲ್ಪ ಹೊತ್ತು ಗೋಡೆ ನೋಡಿ, "ಲೇ, ಇದನ್ನ ಊರಾಗ ಹೇಳಬ್ಯಾಡ" ಅಂದರು. ಈ ಭಾಗವನ್ನು ನಮ್ಮ ಮನೆತನದ ಇತಿಹಾಸದಿಂದ ಕೈಬಿಡಬೇಕೆಂದು ಅಲ್ಲೇ ಸರ್ವಾನುಮತದಿಂದ ತೀರ್ಮಾನವಾಯಿತು. ಈಗ ಬರೆದುಬಿಟ್ಟಿದ್ದೇನೆ. ಅವರು ಪ್ರವಾಸ ಕಥನ ಓದುವವರಲ್ಲ.

ಬೆಲೇಂ

ಮರುದಿನ ತೆರೇಜಾ ನಮ್ಮನ್ನು ಬೆಲೇಂ ಎಂಬಲ್ಲಿ ನದಿಯ ದಂಡೆಗೆ ಕರೆದುಕೊಂಡು ಹೋದಳು. ಹಡಗುಗಳು ಹೊರಟದ್ದು ಅಲ್ಲಿಂದಲೇ. ಈಗ ಅಲ್ಲಿ ಹಡಗಿನ ಮೂತಿಯ ಆಕಾರದಲ್ಲಿ ಒಂದು ಭಾರಿ ಕಲ್ಲಿನ ಸ್ಮಾರಕವಿದೆ. ರಾಜಕುಮಾರ, ನಾವಿಕರು, ಪಾದ್ರಿಗಳು, ನಕ್ಷೆ ಬರೆಯುವವರು ಸಾಲಾಗಿ ಒಬ್ಬರ ಬೆನ್ನಿಗೊಬ್ಬರು ನಿಂತು ಸಮುದ್ರ ನೋಡುತ್ತಾರೆ, ರೇಶನ್ ಅಂಗಡಿಯ ಮುಂದೆ ನಿಂತ ಹಾಗೆ. ಅಷ್ಟೂ ಗಂಡಸರ ನಡುವೆ ಒಬ್ಬಳೇ ಹೆಂಗಸು, ಅವಳೂ ರಾಣಿ. ಅಡುಗೆಯವನಿಲ್ಲ, ಹುಟ್ಟು ಹಾಕಿದವನಿಲ್ಲ. ಹಿಡಿದು ತಂದು ಮಾರಿದ ಗುಲಾಮರಂತೂ ಮೊದಲೇ ಇಲ್ಲ.

ಯಜಮಾನರು ಕಸುಬಿನ ಕಣ್ಣಿನಿಂದ ಸುತ್ತ ನೋಡಿದರು. "ಕಲ್ಲು ಮಸ್ತ್ ಐತಿ. ಆದ್ರ ಒಂದರದ್ದೂ ಮೂಗು ಮುರಿದಿಲ್ಲ. ಮೂಗು ಮುರೀಲಿಲ್ಲ ಅಂದ್ರ ಟೂರಿಸ್ಟ್‌ಗೆ ಕಥಿ ಏನು ಹೇಳೋದು?"

ಸ್ಮಾರಕದ ಮುಂದಿನ ನೆಲದಲ್ಲಿ ಅಮೃತಶಿಲೆಯ ದೊಡ್ಡ ಭೂಪಟವಿದೆ. ಅವರ ಹಡಗುಗಳು ಮುಟ್ಟಿದ ಊರುಗಳೆಲ್ಲ ಅದರಲ್ಲಿವೆಯಂತೆ. ನಾನು ಆಫ್ರಿಕಾ ಬಳಸಿಕೊಂಡು ಇಂಡಿಯಾಕ್ಕೆ ನಡೆದೆ. ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಒಂದು ಹೆಜ್ಜೆ ಇಟ್ಟರೆ ಹೊಸಪೇಟೆ ಇರಬೇಕಾದ ಜಾಗ, ಅಲ್ಲಿ ಏನೂ ಇಲ್ಲ. ಫೋಟೋ ತೆಗೆಯಿರಿ ಎಂದು ಹಿಂದಕ್ಕೆ ಸರಿದದ್ದೇ, ನುಣುಪು ಕಲ್ಲಿನ ಮೇಲೆ ನನ್ನ ಚಪ್ಪಲಿ ಜಾರಿ, ಸೀರೆ ಸಮೇತ ಅರಬ್ಬೀ ಸಮುದ್ರದಲ್ಲಿ ಕೂತುಬಿಟ್ಟೆ.

ಎಬ್ಬಿಸಿದವನು ಒಬ್ಬ ಮುದುಕ. ಎಂಬತ್ತರ ಮೇಲಿರಬೇಕು, ತಲೆಗೆ ಉಣ್ಣೆಯ ಟೋಪಿ. ನನ್ನ ಸೀರೆ ನೋಡಿ "ಇಂದಿಯಾ?" ಅಂದ. ಹೌದು ಎಂದೆ. "ಗೋವಾ!" ಎಂದು ಎದೆ ಮುಟ್ಟಿಕೊಂಡ. ತೆರೇಜಾ ಮುಂದಿನದನ್ನು ಇಂಗ್ಲಿಷಿಗೆ ಮಾಡಿ ಹೇಳಿದಳು. ಆತನ ಅಣ್ಣ ಗೋವೆಯಲ್ಲಿ ಸಿಪಾಯಿಯಾಗಿದ್ದನಂತೆ. ಗೋವಾ ಕಳೆದುಕೊಂಡಾಗ ಅವರ ಅವ್ವ ಮೂರು ದಿನ ಉಣ್ಣಲಿಲ್ಲವಂತೆ. ಮಗ ಜೀವಂತ ಇದ್ದಾನೆಂದು ಸುದ್ದಿ ಬರುವವರೆಗೆ.

"ನಾವು ಬಿಡಿಸಿಕೊಂಡ್ವಿ ಅಂತೀವಿ, ಇವ್ರು ಕಳಕೊಂಡ್ವಿ ಅಂತಾರ" ಎಂದು ಯಜಮಾನರು ನನ್ನ ಕಿವಿಯಲ್ಲಿ ಅಂದರು. ಆಮೇಲೆ ಮುದುಕನ ಎರಡೂ ಕೈ ಹಿಡಿದು ಕನ್ನಡದಲ್ಲೇ "ಗೋವಾ ಆರಾಮ ಐತ್ರಿ, ಚಿಂತಿ ಮಾಡಬ್ಯಾಡ್ರಿ" ಎಂದರು. ಮುದುಕನಿಗೆ ಏನು ತಿಳಿಯಿತೋ, ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಈ ಸಲ ಇವರೂ ಕೊಟ್ಟರು.

ತೆರೇಜಾಳ ಅಡುಗೆಮನೆ

ಸಂಜೆ ಮೇಜಿನ ಮೇಲೆ ಪಠ್ಯಪುಸ್ತಕ ಹರಡಿಕೊಂಡು ಕೂತೆವು. ದಪ್ಪ ಕಾಗದ, ಬಣ್ಣಬಣ್ಣದ ಚಿತ್ರ, ಬಿಚ್ಚಿದರೆ ಹೊಸ ಪುಸ್ತಕದ ವಾಸನೆ. ನಮ್ಮ ಪುಸ್ತಕದಲ್ಲಿ ರಾಜರ ಮುಖ ಎರಡನೇ ಮುದ್ರಣಕ್ಕೇ ಅಳಿಸಿ ಎಲ್ಲರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಾರೆ.

ಫೋನನ್ನು ಪುಟದ ಮೇಲೆ ಹಿಡಿದರೆ ಅದು ಕನ್ನಡ ಮಾಡಿಕೊಡುತ್ತದೆ. ಒಂದು ತಲೆಬರಹ "ಸಂಸ್ಕೃತಿಗಳ ಸಭೆ" ಎಂದು ಬಂತು. ಸಭೆ ಎಂದರೆ ಚಹಾ, ಉಪ್ಪಿಟ್ಟು ಇದ್ದಿರಬೇಕು. ಹಡಗುಗಳ ಬಗ್ಗೆ ನಾಲ್ಕು ಪುಟ, ಮೆಣಸು, ಲವಂಗ, ದಾಲ್ಚಿನ್ನಿಗೆ ಎರಡು ಪುಟ, ಬಾಣದ ಗುರುತುಗಳ ನಕ್ಷೆ ಒಂದು. ಎಲ್ಲ ಮುಗಿದ ಮೇಲೆ ಬಲಗಡೆಯ ಮೂಲೆಯಲ್ಲಿ, ಬೂದುಬಣ್ಣದ ಚಿಕ್ಕ ಚೌಕದೊಳಗೆ, ಆಫ್ರಿಕಾದಿಂದ ಹಿಡಿದು ತಂದು ಮಾರಿದ ಲಕ್ಷಾಂತರ ಜನ. ಮಾರಿದವರು ಯಾರೆಂದು ವಾಕ್ಯದಲ್ಲಿ ಇಲ್ಲ. "ಸಾಗಿಸಲ್ಪಟ್ಟರು" ಅಷ್ಟೇ. ಗಾಳಿ ಬಂದು ಸಾಗಿಸಿದ ಹಾಗೆ.

"ಮೊದಲು ಈ ಚೌಕವೂ ಇರಲಿಲ್ಲ. ನಾನು ಓದುವಾಗ ಬರೀ ಹಡಗುಗಳು" ಎಂದಳು ತೆರೇಜಾ. ಆಕೆಯ ಮುಖ ಕೆಂಪಾಗಿತ್ತು.

ನಾನು ದೊಡ್ಡತನದಿಂದ ಆಕೆಯ ಭುಜ ತಟ್ಟಿದೆ. ನನ್ನ ತವರು ಸಂಡೂರು. ಚಿಕ್ಕಂದಿನಲ್ಲಿ ನಾವು ಬಿಳಿ ಅಂಗಿ ತೊಟ್ಟು ಶಾಲೆಗೆ ಹೋಗಿ ಕೆಂಪು ಅಂಗಿ ತೊಟ್ಟು ವಾಪಸು ಬರುತ್ತಿದ್ದೆವು. ಗಣಿಯ ಲಾರಿಗಳು ಅಷ್ಟು. ಗುಡ್ಡ ಹೋಯಿತು, ಹಳ್ಳ ಕೆಂಪಾಯಿತು, ಯಾರು ಯಾರೋ ಜೈಲಿಗೆ ಹೋಗಿ ಬಂದರು. ನಾನು ಪಾಠ ಮಾಡುವ ಪುಸ್ತಕದಲ್ಲಿ ಸಂಡೂರಿಗೆ ಸಿಕ್ಕಿರುವುದು ಒಂದೇ ವಾಕ್ಯ: ಅಲ್ಲಿ ಕಬ್ಬಿಣದ ಅದಿರು ಸಿಗುತ್ತದೆ. ಇದು ತೆರೇಜಾಳ ಭುಜ ತಟ್ಟುವಾಗಲೇ ನೆನಪಾಗಿತ್ತು. ಹೇಳಲಿಲ್ಲ. ನಾನು ಬಂದಿದ್ದು ಅವರ ತಪ್ಪು ಎಣಿಸಲು.

ಶಾಲೆ

ಹದಿಮೂರು ಹದಿನಾಲ್ಕು ವರ್ಷದ ಇಪ್ಪತ್ತನಾಲ್ಕು ಮಕ್ಕಳು. ಟೀಚರ್ ಒಳಗೆ ಬಂದರೆ ಒಬ್ಬರೂ ಏಳುವುದಿಲ್ಲ. ಒಬ್ಬ ಬಾಳೆಹಣ್ಣು ತಿನ್ನುತ್ತಿದ್ದ. ನಮ್ಮಲ್ಲಾಗಿದ್ದರೆ ಹೆಡ್‌ಮಾಸ್ತರು ಸಿಪ್ಪೆ ಸಮೇತ ಹೊರಗೆ ನಿಲ್ಲಿಸುತ್ತಿದ್ದರು. ಯಜಮಾನರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಅವರು ಹಾಯಾಗಿ ಕಾಲು ಚಾಚಿದರು.

ನನ್ನ ಇಂಗ್ಲಿಷ್ ಭಾಷಣ ತಯಾರಾಗಿತ್ತು, ತೆರೇಜಾ ಅದನ್ನು ಸಾಲುಸಾಲಾಗಿ ಪೋರ್ಚುಗೀಸ್ ಮಾಡುತ್ತಿದ್ದಳು. "ನಿಮ್ಮ ಪುಸ್ತಕದಲ್ಲಿ ನೀವು ನಮ್ಮನ್ನು ಕಂಡುಹಿಡಿದಿರಿ ಎಂದಿದೆ. ನಾವು ಕಳೆದುಹೋಗಿರಲಿಲ್ಲ. ಮನೆಯಲ್ಲೇ ಇದ್ದೆವು. ರೊಟ್ಟಿ ತಟ್ಟುತ್ತಿದ್ದೆವು. ನೀವು ಬಾಗಿಲು ಬಡಿದಿರಿ, ಬಾಗಿಲು ತೆರೆದವರನ್ನು ಕಂಡುಹಿಡಿದೆವು ಎಂದು ಬರೆದುಕೊಂಡಿರಿ." ಮಕ್ಕಳು ನಕ್ಕರು. ಮೆಣಸಿನಕಾಯಿ, ಮೇಜು, ಚಾವಿ ಎಲ್ಲವನ್ನೂ ತಂದೆ. ಮತ್ತಷ್ಟು ನಕ್ಕರು. ಬಾಳೆಹಣ್ಣಿನವನು ಚಪ್ಪಾಳೆ ಹೊಡೆದ. ಸ್ಟಾಫ್‌ರೂಮಿನಲ್ಲಿ ಇದನ್ನು ಹೇಗೆ ವರ್ಣಿಸಬೇಕೆಂದು ನಾನು ಆಗಲೇ ಜೋಡಿಸಿಕೊಳ್ಳುತ್ತಿದ್ದೆ.

ಆಮೇಲೆ ತೆರೇಜಾ ಪಾಠ ಮುಂದುವರಿಸಿದಳು. ಬೂದು ಚೌಕಕ್ಕೆ ಬಂದಳು. ಬೋರ್ಡಿನ ಕಡೆ ತಿರುಗಿ ಏನೋ ಬರೆಯುತ್ತಾ, ಒಬ್ಬ ಹುಡುಗನಿಗೆ ಗಟ್ಟಿಯಾಗಿ ಓದಲು ಹೇಳಿದಳು. ಅವನು ಓದಿದ. ಎರಡನೇ ವಾಕ್ಯಕ್ಕೆ ಬಂದಾಗ, ಯಾರೂ ಹೇಳಿಕೊಡದೆ, ಕ್ಲಾಸಿನ ತಲೆಗಳೆಲ್ಲ ಕಿಟಕಿಯ ಪಕ್ಕದ ಬೆಂಚಿನ ಕಡೆ ತಿರುಗಿದವು.

ಅಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಆ ಕ್ಲಾಸಿನಲ್ಲಿ ಕಪ್ಪು ಬಣ್ಣದವಳು ಅವಳೊಬ್ಬಳೇ. ಲುಸಿಯಾ ಅಂತ ಹೆಸರು. ಅವಳ ಅಜ್ಜ ಅಜ್ಜಿ ಆಫ್ರಿಕಾದ ಕೇಪ್ ವರ್ಡಿ ದ್ವೀಪಗಳಿಂದ ಬಂದವರೆಂದು ಆಮೇಲೆ ತಿಳಿಯಿತು. ಯಾರೂ ಏನೂ ಅನ್ನಲಿಲ್ಲ, ನಗಲೂ ಇಲ್ಲ. ತಿರುಗಿದರು, ನೋಡಿದರು, ಮತ್ತೆ ಪುಸ್ತಕಕ್ಕೆ ಮರಳಿದರು. ಎರಡು ಸೆಕೆಂಡು. ಲುಸಿಯಾ ಪೆನ್ನಿನ ಕ್ಯಾಪನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದಳು. ತೆರೇಜಾ ಬೋರ್ಡಿನಿಂದ ತಿರುಗುವಷ್ಟರಲ್ಲಿ ಎಲ್ಲವೂ ಮೊದಲಿನಂತಿತ್ತು.

ಆ ಎರಡು ಸೆಕೆಂಡನ್ನು ನಾನು ಮೊದಲೇ ನೋಡಿದ್ದೆ, ಹೊಸಪೇಟೆಯಲ್ಲಿ.

ಅಷ್ಟರಲ್ಲಿ ಮುಂದಿನ ಸಾಲಿನ ಕನ್ನಡಕದ ಹುಡುಗಿಯೊಬ್ಬಳು ಕೈ ಎತ್ತಿದಳು. "ನಮ್ಮ ಪುಸ್ತಕದ ಬಗ್ಗೆ ಹೇಳಿದಿರಿ. ನಿಮ್ಮ ಪುಸ್ತಕದಲ್ಲಿ ಹೇಗಿದೆ? ಕಷ್ಟದ ವಿಷಯಗಳನ್ನು ನೀವು ಹೇಗೆ ಪಾಠ ಮಾಡುತ್ತೀರಿ?"

"ನಮ್ಮಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಪಾಠ ಮಾಡುತ್ತೇವೆ" ಎಂದೆ. ಬಾಯಿಂದ ತಾನಾಗಿಯೇ ಬಂತು, ಆಗಸ್ಟ್ ಹದಿನೈದರ ಭಾಷಣದ ಹಾಗೆ.

ಕೊನೆಯ ಬೆಂಚಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಕನ್ನಡ. "ಲೇ, ಸುಳ್ಳು ಹೇಳೋದು ನನ್ನ ಕಸುಬು. ನೀ ಯಾಕ ಅದಕ್ಕ ಕೈ ಹಾಕ್ತಿ?"

ಇಪ್ಪತ್ತನಾಲ್ಕು ಮಕ್ಕಳೂ ಅವರನ್ನು ನೋಡಿದರು. "ಏನಂದರು?" ಎಂದಳು ತೆರೇಜಾ.

"ನಾನು ಹೇಳಿದ್ದು ಸುಳ್ಳು ಅಂದರು" ಎಂದೆ. "ಅವರಿಗೆ ಗೊತ್ತಾಗುತ್ತದೆ. ಅವರು ಗೈಡು."

ಬೇರೆ ದಾರಿ ಇರಲಿಲ್ಲ, ಹೇಳಿದೆ. ನಮ್ಮೂರ ಪಕ್ಕ ಹಂಪಿ ಇದೆ. ಒಂದು ಕಾಲಕ್ಕೆ ದೊಡ್ಡ ರಾಜಧಾನಿ. ಒಂದು ಯುದ್ಧದಲ್ಲಿ ಸೋತಿತು, ಸುಲ್ತಾನರ ಸೈನ್ಯಗಳು ಬಂದು ಹಾಳುಗೆಡವಿದವು. ನಮ್ಮ ಮಕ್ಕಳು ಭಾನುವಾರ ಸೈಕಲ್ ಮೇಲೆ ಹೋಗಿ ಆ ಮುರಿದ ಕಲ್ಲುಗಳ ಮೇಲೆ ಕೂತು ಮಂಡಕ್ಕಿ ತಿಂದು ಬರುವವರು. ಹಾಗಾಗಿ ಆ ಪಾಠ ಅವರಿಗೆ ನಿನ್ನೆ ಮೊನ್ನೆ ನಡೆದ ಹಾಗೆ. ಹದಿನಾಲ್ಕು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನಲ್ಲಿ ಆ ಪುಟ ಓದಿಸುವಾಗ ಇಡೀ ಕ್ಲಾಸು ತಿರುಗಿ ಒಬ್ಬ ಹುಡುಗಿಯನ್ನು ನೋಡಿತು. ರೇಷ್ಮಾ. ಆ ಸೆಕ್ಷನ್ನಿನಲ್ಲಿ ಮುಸ್ಲಿಂ ಹುಡುಗಿ ಆಕೆಯೊಬ್ಬಳೇ. ಕಂಪ್ಲಿಯವಳು, ಓದಲಿಕ್ಕೆಂದು ಹೊಸಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದಳು. ಆಕೆ ತಲೆ ಎತ್ತದೆ ಪುಸ್ತಕದ ಅಂಚಿಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು.

"ನೀವೇನು ಮಾಡಿದಿರಿ?"

ಕೇಳಿದವಳು ಲುಸಿಯಾ. ಆ ಪೀರಿಯಡ್ಡಿನಲ್ಲಿ ಆಕೆ ಆಡಿದ ಮೊದಲ ಮಾತು ಅದು.

"ಪುಟ ತಿರುಗಿಸಿದೆ" ಎಂದೆ.

"ಆಮೇಲೆ ಅವಳ ಹತ್ತಿರ ಮಾತಾಡಿದಿರಾ?"

"ಇಲ್ಲ."

"ಅವಳು ಈಗ ಎಲ್ಲಿದ್ದಾಳೆ?"

"ಕಂಪ್ಲಿಯಲ್ಲೇ. ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ತಾಸು."

ಲುಸಿಯಾ ಪೆನ್ನಿಗೆ ಕ್ಯಾಪು ಹಾಕಿ ಕೆಳಗಿಟ್ಟಳು. "ನೀವು ಇಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು?"

ಇಡೀ ಕ್ಲಾಸು ಕೊಳ್ಳೆಂದು ನಕ್ಕಿತು. ಲುಸಿಯಾ ನಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಬೆಂಗಳೂರು, ದೋಹಾ ಎಲ್ಲ ಸೇರಿಸಿ ಒಂದೂವರೆ ದಿನ ಎಂದು ನಾನೂ ಪ್ರಾಮಾಣಿಕವಾಗಿಯೇ ಹೇಳಿದೆ.

ಮರುದಿನ

ಕ್ಲಾಸಿನ ತಲೆಗಳು ಲುಸಿಯಾಳ ಕಡೆ ತಿರುಗಿದ್ದನ್ನು ಪೀರಿಯಡ್ಡು ಮುಗಿದದ್ದೇ ನಾನು ತೆರೇಜಾಳಿಗೆ ಹೇಳಿದ್ದೆ. ಆಕೆ ಬೆಳಿಗ್ಗೆ ಎರಡು ಸಲ ಬ್ರೆಡ್ ಸುಟ್ಟಳು. "ಮೂರು ವರ್ಷದಿಂದ ಆ ಹುಡುಗಿ ನನ್ನ ಕ್ಲಾಸಿನಲ್ಲಿದ್ದಾಳೆ. ಪ್ರತಿ ಸಲವೂ ನಾನು ಬೋರ್ಡಿನ ಕಡೆ ತಿರುಗಿರುತ್ತೇನೆ" ಎಂದಳು. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಆಕೆ ಲುಸಿಯಾಳನ್ನು ಕರೆದು ಮಾತಾಡಿಸಿದ್ದಳಂತೆ. ಕ್ಷಮೆ ಕೇಳಿ, ನಾಳೆ ಆ ಚೌಕದ ಬಗ್ಗೆ ನೀನೇ ಒಂದು ಭಾಷಣ ಮಾಡು ಎಂದಳಂತೆ.

"ಏನಂದಳು?"

"ಬೇಡ ಟೀಚರ್, ನನಗೆ ಹಡಗುಗಳ ಪಾಠವೇ ಇಷ್ಟ, ಅದನ್ನೇ ಕೊಡಿ ಅಂದಳು."

ನಾವಿಬ್ಬರು ಟೀಚರುಗಳು ಸುಟ್ಟ ಬ್ರೆಡ್ಡನ್ನು ಚಾಕುವಿನಿಂದ ಕೆರೆಯುತ್ತಾ ಕೂತೆವು. ಯಜಮಾನರು ಬಾಲ್ಕನಿಯಲ್ಲಿ ನಿಂತು, ಪಕ್ಕದ ಮನೆಯ ಮುದುಕಿಗೆ ಹಂಪಿಯ ಬಗ್ಗೆ ಕೈಸನ್ನೆಯಲ್ಲಿ ಏನೋ ವಿವರಿಸುತ್ತಿದ್ದರು. ಕೊಡ ಎತ್ತಿ ಸುರಿಯುವ ಸನ್ನೆ ಕಂಡು, ಹಾಲು ಯುರೋಪಿಗೂ ತಲುಪಿತು ಎಂದುಕೊಂಡೆ.

ಉಳಿದ ಮೂರು ದಿನ ಕೋಟೆ ನೋಡಿದೆವು, ಕೆನೆ ತುಂಬಿದ ಬಿಸಿ ಕಜ್ಜಾಯ ತಿಂದೆವು, ಮೊಟ್ಟೆ ಇದೆಯೇ ಎಂದು ಕೊನೆಯ ದಿನದವರೆಗೆ ಕೇಳಲಿಲ್ಲ. ಚೆನ್ನಾಗಿತ್ತು. ಆದರೆ ಯಾವ ಏರು ಹತ್ತುವಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಕಂಪ್ಲಿ ಬಸ್ಸು.

ಕಂಪ್ಲಿ

ಊರಿಗೆ ಬಂದ ನಾಲ್ಕನೇ ದಿನ ಹೊರಟೆ. ಯಜಮಾನರು ಬರುತ್ತೇನೆ ಎಂದರು, ಬ್ಯಾಡ್ರಿ ಅಂದೆ. ಭತ್ತದ ಗದ್ದೆ, ಬಾಳೆತೋಟ, ಅಕ್ಕಿ ಗಿರಣಿಯ ಹೊಗೆ. ಇಷ್ಟು ಸಲ ಹೋಗಿ ಬಂದ ದಾರಿಯಲ್ಲಿ ಅವತ್ತು ನಾನು ಪ್ರತಿ ಸ್ಟಾಪಿನಲ್ಲೂ ಇನ್ನೆಷ್ಟು ದೂರ ಎಂದು ಕಂಡಕ್ಟರನ್ನು ಕೇಳಿದೆ.

ರೇಷ್ಮಾ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ನೋಟ್‌ಬುಕ್ಕು, ಕಂದು ರಟ್ಟು, ಹತ್ತನೇ ಕ್ಲಾಸಿನ ಗೈಡು ಎಲ್ಲ ನೇತುಹಾಕಿದ ಪುಟ್ಟ ಅಂಗಡಿ. ಆಕೆ ನನ್ನನ್ನು ನೋಡಿದ್ದೇ ಮೆಷಿನ್ ಬಿಟ್ಟು ಓಡಿಬಂದಳು.

"ಅಯ್ಯ ಟೀಚರ್! ಬರ್ರಿ, ಬರ್ರಿ. ಕುಂದ್ರಿ. ಏನ್ರಿ ಇಷ್ಟು ದೂರ?"

ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದಳು. ಮಗಳು ಯುಕೆಜಿ, ಗಂಡನಿಗೆ ಗಿರಣಿಯಲ್ಲಿ ಕೆಲಸ, ಎಲ್ಲ ಹೇಳಿದಳು. ಚಹಾ ಮುಗಿಯುವವರೆಗೆ ನಾನು ಗೈಡುಗಳ ಕವರ್ ಓದುತ್ತಾ ಕೂತೆ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ. ಲಿಸ್ಬನ್, ಲುಸಿಯಾ, ಆ ಒಂಬತ್ತನೇ ಕ್ಲಾಸು, ಎಲ್ಲರೂ ತಿರುಗಿ ನೋಡಿದ್ದು, ನಾನು ಸುಮ್ಮನಿದ್ದದ್ದು. "ನಂದು ತಪ್ಪಾತು ರೇಷ್ಮಾ. ಅವತ್ತು ನಾ ಏನರ ಅನ್ನಬೇಕಿತ್ತು."

ಆಕೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಇದಕ್ಕ ಪೋರ್ಚುಗಲ್ ಸುತ್ತಿ ಬಂದ್ರಾ? ಹಂಗೇ ಬಸ್ ಹತ್ತಿ ಬಂದಿದ್ರೂ ಚಾ ಕುಡಸ್ತಿದ್ದೆ."

"ನಿನಗ ನೆನಪೈತೇನು?"

"ಐತ್ರಿ. ಅದಾದ ಮ್ಯಾಲೇ ಅಲ್ಲೇನ್ರಿ ನಾ ಮೊದಲ್ನೇ ಬೆಂಚಿಗೆ ಬಂದದ್ದು? ಮುಂದ ಕುಂತ್ರ ಹಿಂದ ಯಾರು ನೋಡ್ತಾರ ನಮಗ ಕಾಣಂಗಿಲ್ಲ."

ಹೌದು, ಆಕೆ ಆ ವರ್ಷ ತಾನಾಗಿಯೇ ಮುಂದಿನ ಬೆಂಚಿಗೆ ಬಂದಿದ್ದಳು. ನನ್ನ ಪಾಠದ ಮೇಲಿನ ಪ್ರೀತಿಗೆ ಎಂದುಕೊಂಡು ನಾನು ಪ್ರೋಗ್ರೆಸ್ ಕಾರ್ಡಿನಲ್ಲಿ ಇತಿಹಾಸದಲ್ಲಿ ವಿಶೇಷ ಆಸಕ್ತಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಒಬ್ಬರು ಆಧಾರ್ ಕಾರ್ಡ್ ಹಿಡಿದು ಬಂದರು. ಎರಡೂ ಕಡೆ ಬೇಕಂತೆ. ರೇಷ್ಮಾ ಪ್ರತಿ ತೆಗೆದು ಕೊಟ್ಟು ಕಳಿಸಿದಳು. ಮೆಷಿನ್ನಿನ ಮುಚ್ಚಳ ಹಾಕಿ, ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಳು.

"ಟೀಚರ್, ಒಂದು ಮಾತು ಹೇಳ್ಲೇನ್ರಿ? ಬ್ಯಾಸರ ಮಾಡ್ಕೋಬಾರ್ದು."

"ಹೇಳು."

"ಹುಡುಗ್ರು ಮೊದ್ಲು ತಿರುಗ್ಲಿಲ್ರಿ. ಮೊದ್ಲು ನೀವು ನೋಡಿದ್ರಿ. ಸುಲ್ತಾನ್ರು ಅಂದ್ರಿ, ತಲಿ ಎತ್ತಿ ನನ್ನ ಕಡೆ ನೋಡಿದ್ರಿ. ನೀವು ಎಲ್ಲಿ ನೋಡಾಕ್ಹತ್ತೀರಿ ಅಂತ ಅವ್ರು ತಿರುಗಿದ್ರು."

ಇಲ್ಲಮ್ಮ, ಹಂಗಲ್ಲ ಎನ್ನಲು ಬಾಯಿ ತೆರೆದೆ. ಹದಿನಾಲ್ಕು ವರ್ಷ ನಾನು ನೆನಪಿಟ್ಟುಕೊಂಡಿದ್ದರಲ್ಲಿ ಅದು ಎಲ್ಲಿಯೂ ಇರಲಿಲ್ಲ. ಇಪ್ಪತ್ತನಾಲ್ಕು ಮಕ್ಕಳ ಮುಂದೆ ನಿಂತು ನಾನು ಹೇಳಿದ ಕಥೆಯಲ್ಲೂ ತಿರುಗಿದವರು ಮಕ್ಕಳೇ.

"ನನಗ ಬ್ಯಾಸರ ಆಗತೈತೇನೋ ಅಂತ ನೋಡಿದ್ರಿ, ಅದು ನನಗ ಅವತ್ತೇ ಗೊತ್ತಿತ್ತು" ಎಂದಳು ರೇಷ್ಮಾ, ಮೆತ್ತಗೆ. "ಆದ್ರ ನೋಡಿದ್ರಿ."

ನಾನು ತಲೆ ಆಡಿಸಿದೆ. ಆಕೆ ಇನ್ನೊಂದು ಅರ್ಧ ಕಪ್ ಚಹಾ ತರಿಸಿದಳು. ಹೊರಡುವಾಗ ಬಸ್ಸಿನ ತನಕ ಬಂದು, ಡ್ರೈವರಿನ ಹಿಂದಿನ ಸೀಟು ಹಿಡಿದುಕೊಟ್ಟು, "ಮುಂದಿನ ಸಲ ಸೀದಾ ಬರ್ರಿ" ಅಂದಳು.

ಮತ್ತೆ ಹೊಸಪೇಟೆ

ಒಂಬತ್ತನೇ ಕ್ಲಾಸಿನಲ್ಲಿ ಈ ವರ್ಷ ಆ ಪುಟ ಬಂದದ್ದು ಒಂದು ಗುರುವಾರ, ಮೂರನೇ ಪೀರಿಯಡ್ಡಿಗೆ. ನಲವತ್ತೆರಡು ಮಕ್ಕಳು, ಅದರಲ್ಲಿ ಮೂವರು ಮುಸ್ಲಿಮರು. ನಾನು ತಯಾರಾಗಿ ಹೋಗಿದ್ದೆ. ಪುಸ್ತಕದಲ್ಲಿದ್ದದ್ದನ್ನು ಓದಿಸಿದೆ. ಇಲ್ಲದ್ದನ್ನೂ ಹೇಳಿದೆ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಕುದುರೆ ಸವಾರರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠರಿದ್ದರು, ಅದಕ್ಕೂ ಮೊದಲು ವಿಜಯನಗರದವರು ಒಬ್ಬ ಸುಲ್ತಾನನನ್ನು ಕಟ್ಟಿಕೊಂಡು ಇನ್ನೊಬ್ಬನ ಊರು ಸುಟ್ಟು ಬಂದಿದ್ದರು. ಹಿಂದಿನ ಬೆಂಚಿನ ಒಬ್ಬ, "ಹಂಗಾದ್ರ ಪರೀಕ್ಷಾಗ ಯಾವುದು ಬರೀಬೇಕ್ರಿ ಟೀಚರ್?" ಎಂದ. ಅದಕ್ಕೆ ಉತ್ತರ ನನಗೂ ಗೊತ್ತಿಲ್ಲ, ಇಲಾಖೆಗೂ ಗೊತ್ತಿಲ್ಲ.

ಆದರೆ ಅದಲ್ಲ ನನ್ನ ಕಷ್ಟ. ಓದಿಸುವಾಗ ಸುಲ್ತಾನರು ಎಂಬ ಮಾತು ಬರುವುದಿತ್ತು. ಆಗ ನನ್ನ ಕಣ್ಣು ಎಲ್ಲಿರಬೇಕು ಎಂಬುದೇ ತಿಳಿಯಲಿಲ್ಲ. ಆ ಮೂವರ ಕಡೆ ಹೋಗಬಾರದು. ಉಳಿದವರ ಕಡೆ ಹೋದರೂ ಅದು ಆ ಮೂವರನ್ನು ತಪ್ಪಿಸಿ ಹೋದದ್ದೇ ಆಗುತ್ತದೆ. ಮಾತು ಹತ್ತಿರ ಬಂತು. ಬೇರೆ ಏನೂ ತೋಚದೆ ನಾನು ಗಕ್ಕನೆ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ನಲವತ್ತೆರಡು ತಲೆಗಳೂ ಒಟ್ಟಿಗೆ ಮೇಲೆದ್ದು ಫ್ಯಾನು ನೋಡಿದವು.